ಮೊದಲು ತರಗತಿ ನೋಡಿ, ಆಮೇಲೆ ಶಾಲೆ, ಕಡೆಗೆ ಮನೆ

ಬೆಂಗಳೂರಿಗೆ ವರ್ಗವಾಗಿ ಬರುವ ಕುಟುಂಬಗಳು ಹೆಚ್ಚಾಗಿ ಮೊದಲು ಆಫೀಸಿಗೆ ಹತ್ತಿರ ಮನೆ ಹಿಡಿಯುತ್ತವೆ. ಅಡ್ವಾನ್ಸ್ ಕೊಟ್ಟು, 11 ತಿಂಗಳ ಕರಾರಿಗೆ ಸಹಿ ಹಾಕಿದ ಮೇಲೆ ಅಕ್ಕಪಕ್ಕದ ಮನೆಯವರನ್ನು ಕೇಳುತ್ತವೆ: "ಇಲ್ಲಿ ಒಳ್ಳೆ ಸ್ಕೂಲ್ ಯಾವುದಿದೆ?" ಅಷ್ಟು ಹೊತ್ತಿಗೆ ಆಯ್ಕೆ ಮುಕ್ಕಾಲು ಪಾಲು ಮುಗಿದಿರುತ್ತದೆ. ಇಲ್ಲಿನ ಬಹಳಷ್ಟು ಖಾಸಗಿ ಶಾಲೆಗಳು ಮುಂದಿನ ಜೂನ್‌ನ ಸೀಟಿಗೆ ದಸರಾ ದೀಪಾವಳಿ ಹೊತ್ತಿಗೇ ಅರ್ಜಿ ತೆಗೆದುಕೊಳ್ಳಲು ಶುರು ಮಾಡುತ್ತವೆ. ಏಪ್ರಿಲ್‌ನಲ್ಲಿ ಬಂದವರಿಗೆ ಸಿಗುವುದು ಬಿಟ್ಟುಹೋದವರ ಸೀಟು. ಅದು ಕೆಟ್ಟದ್ದೇನಲ್ಲ, ಆದರೆ ಯಾಕೆ ಬಿಟ್ಟುಹೋದರು ಎಂದು ವಿಚಾರಿಸಿ.

"ಒಳ್ಳೆ ಶಾಲೆ" ಎಂಬ ಪ್ರಶ್ನೆಗೂ ಮೊದಲು ಕೇಳಬೇಕಾದದ್ದು ಮಗು ಯಾವ ತರಗತಿಗೆ ಸೇರುತ್ತದೆ ಎಂದು. 1ನೇ ತರಗತಿಗಾದರೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ರಲ್ಲಿ ಯುಕೆಜಿ ಮುಗಿಸಿದ್ದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಆ ಸಡಿಲಿಕೆಯನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಸಿಬಿಎಸ್‌ಇಯಲ್ಲಿ 9 ಮತ್ತು 11ನೇ ತರಗತಿಯಲ್ಲೇ ಬೋರ್ಡ್ ಪರೀಕ್ಷೆಗೆ ನೋಂದಣಿ ಆಗುತ್ತದೆ. 10 ಅಥವಾ 12ಕ್ಕೆ ನೇರವಾಗಿ ಸೇರಿಸಲು ಮಂಡಳಿಯ ಅನುಮತಿ ಬೇಕು, ಪೋಷಕರ ವರ್ಗಾವಣೆಯ ಕಾಗದವನ್ನೂ ತೋರಿಸಬೇಕು. ಹಾಗಾಗಿ ಬೋರ್ಡ್ ಬದಲಿಸುವುದಿದ್ದರೆ 8 ಮುಗಿದು 9ಕ್ಕೆ ಹೋಗುವಾಗಲೇ, ಹತ್ತನೇ ಪರೀಕ್ಷೆಗೆ ಮೊದಲಿನ ಕೊನೆಯ ನಿರಾಳ ಜಿಗಿತ.

ರಾಜ್ಯ ಪಠ್ಯಕ್ರಮದಲ್ಲಿ ಉಳಿಯುವವರು ಭಾಷೆಯ ಜೋಡಣೆ ನೋಡಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದವಕ್ಕೆ ತಲಾ 100. ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಪ್ರಥಮ ಭಾಷೆ ಕನ್ನಡ ಓದಿದ ಮಗುವನ್ನು, ಇಂಗ್ಲಿಷ್ ಪ್ರಥಮ ಭಾಷೆ ಮಾತ್ರ ಇರುವ ಶಾಲೆಗೆ 8ನೇ ತರಗತಿಯಲ್ಲಿ ತಂದು ಹಾಕಿದರೆ, ಅದು ಚೆನ್ನಾಗಿ ಬರೆಯುತ್ತಿದ್ದ ಪತ್ರಿಕೆಯೇ ಸಣ್ಣದಾಗುತ್ತದೆ. ಪುಣೆ, ಮುಂಬೈಯಿಂದ ಬರುವವರ ತೊಂದರೆ ಇದಕ್ಕೆ ತದ್ವಿರುದ್ಧ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಇಲ್ಲಿ ಕನ್ನಡ ಕಲಿಯಲೇಬೇಕು. ಅಕ್ಷರವೇ ಗೊತ್ತಿಲ್ಲದ 5ನೇ ತರಗತಿಯ ಮಗುವಿಗೆ ಯಾರು, ಯಾವ ಹೊತ್ತಿನಲ್ಲಿ ಕಲಿಸುತ್ತಾರೆ ಎಂದು ಮುಖ್ಯೋಪಾಧ್ಯಾಯರನ್ನೇ ಕೇಳಿ. "ಅದು ಹೇಗೋ ಆಗುತ್ತೆ" ಎಂಬ ಉತ್ತರ ಬಂದರೆ ಆ ಶಾಲೆಯಲ್ಲಿ ಏರ್ಪಾಡಿಲ್ಲ ಎಂದೇ ತಿಳಿಯಿರಿ.

ಇನ್ನೊಂದು ಲೆಕ್ಕ ಪೋಷಕರ ಗಮನಕ್ಕೆ ಬರುವುದು ಸಿಇಟಿ (ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆ) ಅರ್ಜಿ ತುಂಬುವಾಗ. ಅಲ್ಲಿನ ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೆ ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. 9ನೇ ತರಗತಿಯಲ್ಲಿ ಹಳ್ಳಿ ಬಿಡಿಸಿ ನಗರದ ಇಂಗ್ಲಿಷ್ ಶಾಲೆಗೆ ಸೇರಿಸಿದರೆ ಎರಡೂ ಹೋದವು. ಆ ಮಗುವನ್ನು ಎರಡು ವರ್ಷ ಅಜ್ಜಿಮನೆಯಲ್ಲಿ ಬಿಡುವುದು ಎಷ್ಟೋ ಸಲ ಜಾಣತನ. ಹೊರರಾಜ್ಯದಿಂದ ಬರುವವರಿಗೆ ಇನ್ನೊಂದು ಗಡಿ ಇದೆ: ಸಾಮಾನ್ಯ ಅರ್ಹತೆಗೆ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. 6ನೇ ತರಗತಿಗೆ ಬಂದು ಸೇರಿದ ಮಗುವಿಗೆ ಇದು ಸರಿಯಾಗಿ ಕೂಡುತ್ತದೆ, 7ಕ್ಕೆ ಬಂದರೆ ಒಂದು ವರ್ಷ ಕಡಿಮೆ. ಪೋಷಕರ ಓದನ್ನು ಆಧರಿಸಿದ ಬೇರೆ ಉಪನಿಯಮಗಳೂ ಇವೆ, ಆದರೆ ಅವಕ್ಕೆ ಒದಗಿಸಬೇಕಾದ ಪ್ರಮಾಣಪತ್ರಗಳ ಕಟ್ಟು ದೊಡ್ಡದು.

ತರಗತಿ ಇತ್ಯರ್ಥವಾದ ಮೇಲೆ ಶಾಲೆಯ ಕಾಗದ. ಗೇಟಿನ ಫಲಕ ನಂಬಬೇಡಿ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ವರ್ಷಕ್ಕೊಂದು ತರಗತಿ ಸೇರಿಸಿಕೊಂಡು ಬೆಳೆಯುವ ಶಾಲೆಗಳಿವೆ: ಈ ವರ್ಷ 5, ಮುಂದಿನ ವರ್ಷ 6. ರಾಜ್ಯದ ಮಾನ್ಯತೆ ಇಟ್ಟುಕೊಂಡು "ಸಿಬಿಎಸ್‌ಇ ಪ್ಯಾಟರ್ನ್" ಎಂದು ಬರೆದುಕೊಳ್ಳುವವರೂ ಇದ್ದಾರೆ. ಪ್ಯಾಟರ್ನ್ ಎಂಬ ಹೆಸರಿನ ಸಂಯೋಜನೆ (ಅಫಿಲಿಯೇಷನ್) ಯಾವುದೂ ಇಲ್ಲ. ಸಿಬಿಎಸ್‌ಇ ಸಂಯೋಜನಾ ಸಂಖ್ಯೆ ಕರ್ನಾಟಕದ ಶಾಲೆಗಳಿಗೆ 83ರಿಂದ ಶುರುವಾಗುತ್ತದೆ. ಅದನ್ನು ಮಂಡಳಿಯ ಸರಸ್ ಪೋರ್ಟಲ್‌ನಲ್ಲಿ ಹಾಕಿ, ಅಲ್ಲಿ ತೋರಿಸುವ ವಿಳಾಸವೂ ನೀವು ನಿಂತಿರುವ ಕಟ್ಟಡದ ವಿಳಾಸವೂ ಒಂದೇ ಇದೆಯೇ ನೋಡಿ. ಸಂಯೋಜನೆ ಸಾಮಾನ್ಯವಾಗಿ ಸಿಗುವುದು ಒಂದು ಜಾಗದ ಶಾಲೆಗೆ, ಸಂಸ್ಥೆಯ ಹೆಸರಿಗಲ್ಲ. ಮಗು ಸರ್ಜಾಪುರ ರಸ್ತೆಯ ಶಾಖೆಯಲ್ಲಿ ಕೂತು, ಹೆಸರು ಊರಿನ ಆ ತುದಿಯ ಮುಖ್ಯ ಶಾಖೆಯ ಹಾಜರಿಯಲ್ಲಿದ್ದರೆ 9ನೇ ತರಗತಿಯ ನೋಂದಣಿ ಹೊತ್ತಿಗೆ ಕಷ್ಟ ಎದುರಾಗುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳಿ. ಮಾನ್ಯತೆ ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮಕ್ಕೆ, ನವೀಕರಣ ಆಗಿದೆಯೇ ಎಂಬುದನ್ನು ಆ ವಲಯದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬಹುದು. ಒಂದು ಬೆಳಗ್ಗೆ ಹಾಳಾದರೂ ಹೋಗಿ.

ಸಿಬಿಎಸ್‌ಇ ಶಾಲೆಗಳು ತಮ್ಮ ವೆಬ್‌ಸೈಟಿನಲ್ಲಿ ಕಡ್ಡಾಯ ಸಾರ್ವಜನಿಕ ಮಾಹಿತಿಯ ಪುಟ ಇಡಬೇಕು: ಮಾನ್ಯತೆ, ಅಗ್ನಿ ಸುರಕ್ಷತೆ, ಶುಲ್ಕ, ಶಿಕ್ಷಕರ ವಿವರ, ಮೂರು ವರ್ಷದ ಫಲಿತಾಂಶ. ಶೇಕಡ 100 ಫಲಿತಾಂಶಕ್ಕೆ ಮರುಳಾಗುವ ಮೊದಲು ಪರೀಕ್ಷೆ ಬರೆದವರ ಸಂಖ್ಯೆ ನೋಡಿ, 10ರ ಅದೇ ಬ್ಯಾಚು ಎರಡು ವರ್ಷ ಹಿಂದೆ 8ರಲ್ಲಿ ಎಷ್ಟಿತ್ತು ಎಂದು ಕೇಳಿ. 80 ಇದ್ದದ್ದು 52 ಆಗಿದ್ದರೆ ನಡುವೆ ಯಾರನ್ನೋ ಟಿಸಿ ಕೊಟ್ಟು ಕಳಿಸಿದ್ದಾರೆ. ಆ ಫಲಿತಾಂಶ ಪಾಠದಿಂದ ಬಂದದ್ದಲ್ಲ.

ದೂರದ ಮಾತು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಎಂದು ಹೇಳುತ್ತದೆ. ಒಂದು ದಿಕ್ಕಿಗೆ 45 ನಿಮಿಷದ ಬಸ್ಸು ಎಂದರೆ ವರ್ಷಕ್ಕೆ 330 ಗಂಟೆ, ಕಲಿಯುವ ಸಮಯದ ಮೂರನೇ ಒಂದು ಭಾಗ, ಸೀಟಿನಲ್ಲೇ ಹೋಯಿತು. ನಕ್ಷೆಯ ಕಿಲೋಮೀಟರು ಇಲ್ಲಿ ಸುಳ್ಳು ಹೇಳುತ್ತದೆ. ಹೊರವರ್ತುಲ ರಸ್ತೆ ದಾಟಬೇಕೇ, ರೈಲು ಹಳಿಯ ಅಂಡರ್‌ಪಾಸ್ ನುಗ್ಗಬೇಕೇ ಎಂಬುದೇ ನಿಜವಾದ ದೂರ. ಪಾಣತ್ತೂರಿನ ಕಡೆ 3 ಕಿಲೋಮೀಟರು, ಬಸವನಗುಡಿಯೊಳಗಿನ 3 ಕಿಲೋಮೀಟರು ಬೇರೆ ಬೇರೆ ಊರುಗಳಷ್ಟು ದೂರ. ಶಾಲೆಯ ಸಾರಿಗೆ ಉಸ್ತುವಾರಿಯಿಂದ ಮಾರ್ಗ ಸಂಖ್ಯೆ ಮತ್ತು ನಿಲ್ದಾಣಗಳ ಕ್ರಮ ಬರೆಸಿಕೊಳ್ಳಿ. ಬೆಳಗ್ಗೆ ಮೊದಲು ಹತ್ತುವ ಮಗು ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತದೆ. ಕೆಲಸದ ದಿನ ಬೆಳಗ್ಗೆ ಏಳೂವರೆಗೆ, ಮಧ್ಯಾಹ್ನ ಮೂರೂವರೆಗೆ ಆ ದಾರಿಯಲ್ಲಿ ನೀವೇ ಒಮ್ಮೆ ಹೋಗಿ ಬನ್ನಿ; ಭಾನುವಾರ ಹೋಗಿ ನೋಡಿದ್ದು ಲೆಕ್ಕಕ್ಕಿಲ್ಲ. ಖಾಸಗಿ ವ್ಯಾನಾದರೆ ಹಳದಿ ನಂಬರ್ ಪ್ಲೇಟು ಇರಲೇಬೇಕು. ಬಿಳಿ ಪ್ಲೇಟಿನ ಓಮ್ನಿಯಲ್ಲಿ ಹದಿನೈದು ಮಕ್ಕಳು ಕಂಡರೆ ಬೇಡ ಎನ್ನಿ. ಶಾಲೆ ಸಿಕ್ಕ ಮೇಲೆ ಅದರ ಸುತ್ತ ಮನೆ ಹುಡುಕಿ, ದೊಡ್ಡವರು ಮೆಟ್ರೊ ಹಿಡಿಯಲಿ.

ಶಾಲೆ ನೋಡಲು ಹೋಗುವುದಾದರೆ ಊಟದ ಬಿಡುವಿಗೆ ಹೋಗಿ. ಸ್ವಾಗತದ ಕೊಠಡಿ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ನೋಡಬೇಕಾದದ್ದು ಮಕ್ಕಳ ಶೌಚಾಲಯ, ನೀರಿನ ನಲ್ಲಿ, ಮೂಲೆಯಲ್ಲಿ ಒಬ್ಬನೇ ಕೂತ ಹುಡುಗನ ಹತ್ತಿರ ಯಾರಾದರೂ ಹೋಗುತ್ತಾರೆಯೇ ಎಂಬುದು. ನಿಮ್ಮ ಮಗು ಸೇರುವ ತರಗತಿಯ ಎರಡು ನೋಟ್‌ಬುಕ್ ತೋರಿಸಲು ಕೇಳಿ. ಟೀಚರ್ ಸಹಿಯ ದಿನಾಂಕಗಳು ವಾರವಾರ ಇವೆಯೇ, ತಪ್ಪನ್ನು ಮಗು ಮತ್ತೆ ಬರೆದಿದೆಯೇ, ಇಲ್ಲ ಬರೀ ರೈಟ್ ಗುರುತೇ? ಈ ವರ್ಷ ಆ ತರಗತಿಗೆ ಎಷ್ಟು ಜನ ಕ್ಲಾಸ್ ಟೀಚರ್ ಬದಲಾದರು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಶಾಲೆಗೆ ಅಷ್ಟಕ್ಕೇ ಒಂದು ಅಂಕ ಕೊಡಬಹುದು.

ಶುಲ್ಕವನ್ನು ಒಂದೇ ಕಾಗದದಲ್ಲಿ ಬರೆಸಿಕೊಳ್ಳಿ: ಪ್ರವೇಶದ ಹಣ, ಮರಳಿ ಕೊಡುವ ಠೇವಣಿ, ಪುಸ್ತಕ, ಸಮವಸ್ತ್ರ, ಬಸ್ಸು ಹತ್ತು ತಿಂಗಳಿಗೋ ಹನ್ನೆರಡಕ್ಕೋ. ಜೂನ್‌ಗೆ ಮೊದಲೇ ಸೀಟು ಬಿಟ್ಟರೆ ಎಷ್ಟು ವಾಪಸ್ ಎಂಬುದೂ ಅದರಲ್ಲೇ ಇರಲಿ. ಕಳೆದ ಮೂರು ವರ್ಷದ ಶುಲ್ಕ ಕೇಳಿದರೆ ಮುಂದಿನ ಮೂರು ವರ್ಷದ ಅಂದಾಜು ಸಿಗುತ್ತದೆ.

ಹೊಸ ಶಾಲೆಯ ಸೀಟು ಲಿಖಿತವಾಗಿ ಖಚಿತವಾಗುವವರೆಗೆ ಹಳೆಯದರಿಂದ ಟಿಸಿ ತೆಗೆಯಬೇಡಿ. ತೆಗೆಯುವ ದಿನ ಕೌಂಟರಿನಲ್ಲೇ ನಿಂತು ಮೂರು ಕಡೆ ಹೆಸರು ಹೋಲಿಸಿ: ಟಿಸಿ, ಜನನ ಪ್ರಮಾಣಪತ್ರ, ಆಧಾರ್. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ, ಮತ್ತೊಂದು ಕಡೆ ಅಪ್ಪನ ಪೂರ್ತಿ ಹೆಸರು. ಈ ಚಿಕ್ಕ ವ್ಯತ್ಯಾಸ ರಾಜ್ಯದ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವಿನ ದಾಖಲೆಯನ್ನು ತಡೆಹಿಡಿದು ನಿಲ್ಲಿಸುತ್ತದೆ. ರಾಜ್ಯದೊಳಗಿಂದ ಬರುವವರು ಸ್ಯಾಟ್ಸ್ ಸಂಖ್ಯೆ, ಹೊರಗಿನಿಂದ ಬರುವವರು ಯುಡೈಸ್‌ನ ಪೆನ್ ಸಂಖ್ಯೆ (ವಿದ್ಯಾರ್ಥಿಯ ಶಾಶ್ವತ ಗುರುತಿನ ಸಂಖ್ಯೆ) ಟಿಸಿಯ ಮೇಲೆ ಬರೆಸಿಕೊಂಡೇ ಹೊರಡಿ. ತಿದ್ದುಪಡಿ ಹಳೆಯ ಶಾಲೆಯ ಲಾಗಿನ್‌ನಿಂದಲೇ ಆಗಬೇಕಾದ್ದರಿಂದ, ಸಾಮಾನು ಲಾರಿಗೆ ಹೇರುವ ಮೊದಲು ಆ ಕೆಲಸ ಮುಗಿಸಿ.