ರಕ್ತದೊತ್ತಡದ ಆನುವಂಶೀಯತೆ: ಒಂದು ಜೀನ್ ಮತ್ತು ನೂರಾರು ಜೀನ್‌ಗಳು

ಅಧಿಕ ರಕ್ತದೊತ್ತಡ ಹುಟ್ಟಿನಿಂದಲೇ ಬರುವುದಾದರೆ ಅದು ಬರುವ ಬಗೆ ಹೇಗೆ? 1950ರ ದಶಕದಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರ ನಡುವೆ ಇದೇ ವಾಗ್ವಾದ ನಡೆಯಿತು. ರಾಬರ್ಟ್ ಪ್ಲಾಟ್ ಅದನ್ನು ಒಂದೇ ಜೀನ್‌ನ ಕಾಯಿಲೆ ಎಂದರು. ಜಾರ್ಜ್ ಪಿಕರಿಂಗ್ ಅದನ್ನು ಒಪ್ಪಲಿಲ್ಲ. ಎತ್ತರದಂತೆಯೇ ರಕ್ತದೊತ್ತಡವೂ ಜನರಲ್ಲಿ ಕಡಿಮೆಯಿಂದ ಹೆಚ್ಚಿನವರೆಗೆ ಎಡೆಬಿಡದೆ ಹರಡಿಕೊಂಡಿದೆ, 'ರೋಗ'ದ ಗೆರೆ ನಾವು ಎಳೆದದ್ದು ಎಂಬುದು ಅವರ ವಾದ. ಬಹುಪಾಲು ರೋಗಿಗಳ ಮಟ್ಟಿಗೆ ಪಿಕರಿಂಗ್ ಹೇಳಿದ್ದೇ ಸರಿ. ಆದರೂ ಓದುವಾಗ ಒಂದೇ ಜೀನ್‌ನ ಅಪರೂಪದ ಕಾಯಿಲೆಗಳಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಒಳಗಿನ ಯಂತ್ರ ಕಾಣುವುದು ಅಲ್ಲಿಯೇ.

ಲಿಡ್ಲ್ ಸಿಂಡ್ರೋಮ್ ನೋಡಿ. 1963ರಲ್ಲಿ ವರದಿಯಾದ ಈ ಕಾಯಿಲೆಯಲ್ಲಿ ಎಳೆಯ ವಯಸ್ಸಿನಲ್ಲೇ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರಪಿಂಡದ ನಾಳಗಳ ಕೊನೆಯ ಭಾಗದಲ್ಲಿ ಸೋಡಿಯಂ ಅನ್ನು ಮರಳಿ ಹೀರಿಕೊಳ್ಳುವ ಕಾಲುವೆಗಳಿವೆ. ಕೆಲಸ ಮುಗಿದ ಕಾಲುವೆಯನ್ನು ಜೀವಕೋಶವು ಗುರುತು ಹಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಈ ರೋಗಿಗಳ ಕಾಲುವೆಯಲ್ಲಿ ಆ ಗುರುತು ಹಚ್ಚಬೇಕಾದ ತುದಿಯೇ ಕೆಟ್ಟಿರುತ್ತದೆ. ಹಾಗಾಗಿ ಅದು ಕೋಶದ ಮೇಲ್ಮೈಯಲ್ಲೇ ಉಳಿದು ಸೋಡಿಯಂ ಹೀರುತ್ತಲೇ ಇರುತ್ತದೆ. ಸೋಡಿಯಂ ಜೊತೆಗೆ ನೀರು ಉಳಿಯುತ್ತದೆ, ಒತ್ತಡ ಏರುತ್ತದೆ, ಉಪ್ಪು ಉಳಿಸಿಕೊಳ್ಳುವಂತೆ ಮಾಡುವ ರೆನಿನ್ ಎಂಬ ಕಿಣ್ವ ಮತ್ತು ಆಲ್ಡೋಸ್ಟೀರಾನ್ ಎಂಬ ಹಾರ್ಮೋನ್ ಎರಡೂ ತಗ್ಗುತ್ತವೆ. ಆಲ್ಡೋಸ್ಟೀರಾನ್ ತಡೆಯುವ ಸ್ಪೈರೋನೋಲ್ಯಾಕ್ಟೋನ್ ಇಲ್ಲಿ ನಾಟದಿರುವುದಕ್ಕೂ, ಕಾಲುವೆಯನ್ನೇ ಮುಚ್ಚುವ ಅಮಿಲೋರೈಡ್ ನಾಟುವುದಕ್ಕೂ ಕಾರಣ ಇದೇ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತಂದೆ ಅಥವಾ ತಾಯಿಯಿಂದ ಒಂದು ಕೆಟ್ಟ ಪ್ರತಿ ಬಂದರೂ ಸಾಕು, ಅಂದರೆ ಪ್ರತಿ ಮಗುವಿಗೂ ಶೇ. 50ರಷ್ಟು ಸಾಧ್ಯತೆ. ಮೊದಲು ವರದಿಯಾದ ಕುಟುಂಬದ ರೋಗಿಗೆ ಮುಂದೆ ಬೇರೆಯವರ ಮೂತ್ರಪಿಂಡ ಕಸಿ ಮಾಡಿದಾಗ ತೊಂದರೆ ಸರಿಹೋಯಿತು. ದೋಷ ಎಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ತೋಚುವುದಿಲ್ಲ.

ಗಾರ್ಡನ್ ಸಿಂಡ್ರೋಮ್ ಮುಂತಾದ ಒಂದೇ ಜೀನ್‌ನ ಇತರ ಕಾಯಿಲೆಗಳೂ ಹೆಚ್ಚಾಗಿ ಮೂತ್ರಪಿಂಡದ ಉಪ್ಪಿನ ಲೆಕ್ಕಕ್ಕೇ ಬಂದು ನಿಲ್ಲುತ್ತವೆ. ತಿರುವುಮುರುವಾದ ಉದಾಹರಣೆಯೂ ಇದೆ: ಉಪ್ಪು ಸೋರಿಹೋಗುವ ಗಿಟೆಲ್ಮನ್ ಸಿಂಡ್ರೋಮ್‌ನ ಜೀನ್‌ನಲ್ಲಿ ಒಂದೇ ಪ್ರತಿ ಕೆಟ್ಟಿರುವವರಿಗೆ ಕಾಯಿಲೆ ಇರುವುದಿಲ್ಲ, ಆದರೆ ಅವರ ರಕ್ತದೊತ್ತಡ ಸರಾಸರಿಗಿಂತ ಕಡಿಮೆ ಇರುವುದು ಕಂಡುಬಂದಿದೆ. ರಕ್ತದೊತ್ತಡ ಇಳಿಸಲು ಕೊಡುವ ಥಯಾಜೈಡ್ ಮಾತ್ರೆಗಳು ತಡೆಯುವುದು ಇದೇ ಜೀನ್ ರೂಪಿಸುವ ಪ್ರೋಟೀನನ್ನು.

ಇನ್ನು ಬಹುಪಾಲು ರೋಗಿಗಳಲ್ಲಿ ಕಾಣುವ ಅಧಿಕ ರಕ್ತದೊತ್ತಡದ ಮಾತು. 2018ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿಎನ್ಎ ಹೋಲಿಸಿದ ಅಧ್ಯಯನದ ವೇಳೆಗೆ ರಕ್ತದೊತ್ತಡದೊಂದಿಗೆ ಸಂಬಂಧ ಕಂಡುಬಂದ ಡಿಎನ್ಎ ತಾಣಗಳು 900 ದಾಟಿದವು. ಒಂದೊಂದರ ಪ್ರಭಾವ ಸಾಮಾನ್ಯವಾಗಿ 1 ಮಿಲಿಮೀಟರ್ ಪಾದರಸಕ್ಕಿಂತಲೂ (ರಕ್ತದೊತ್ತಡ ಅಳೆಯುವ ಮಾನ) ಕಡಿಮೆ. ಹೆಚ್ಚಿನವು ಪ್ರೋಟೀನ್ ರೂಪಿಸುವ ಭಾಗದ ಹೊರಗಿವೆ, ಆದ್ದರಿಂದ ಅವು ಯಾವ ಜೀನನ್ನು ಏರಿಳಿಸುತ್ತವೆ ಎಂದು ಹೇಳುವುದು ಸುಲಭವಲ್ಲ. ಇವೆಲ್ಲವನ್ನೂ ಕೂಡಿಸಿ 'ಬಹುಜೀನ್ ಅಂಕ' ಲೆಕ್ಕಹಾಕುತ್ತಾರೆ. ದತ್ತಾಂಶದ ಬಹುಪಾಲು ಯುರೋಪ್ ಮೂಲದವರದ್ದಾದ ಕಾರಣ, ಬೇರೆ ಮೂಲದವರಲ್ಲಿ ಈ ಅಂಕದ ನಿಖರತೆ ಕುಗ್ಗುತ್ತದೆ.

ಹಲವರು ಎಡವುವುದು ಒಂದು ಶೇಕಡಾವಾರಿನಲ್ಲಿ. ರಕ್ತದೊತ್ತಡದ ಆನುವಂಶೀಯತೆ ಸುಮಾರು ಶೇ. 30ರಿಂದ 50 ಎಂದು ಪುಸ್ತಕಗಳು ಹೇಳುತ್ತವೆ. ಒಬ್ಬರ ರಕ್ತದೊತ್ತಡ 150 ಇದ್ದರೆ ಅದರಲ್ಲಿ 60 ಅಂಶ ಹೆತ್ತವರಿಂದ ಬಂತು ಎಂದು ಇದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್‌ಗಳದ್ದು ಎಂಬುದಷ್ಟೇ ಆ ಸಂಖ್ಯೆ. ಎಲ್ಲರೂ ಒಂದೇ ಪ್ರಮಾಣದ ಉಪ್ಪು ತಿನ್ನತೊಡಗಿದರೆ, ಒಂದು ಜೀನೂ ಬದಲಾಗದೆ ಆ ಸಂಖ್ಯೆ ಮೇಲೇರಬಹುದು. ಕುಟುಂಬದ ಇತಿಹಾಸಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ: ಒಂದೇ ಮನೆಯವರು ಜೀನ್‌ಗಳ ಜೊತೆಗೆ ಊಟದ ಉಪ್ಪನ್ನೂ ಹಂಚಿಕೊಂಡಿರುತ್ತಾರೆ.

ಹೀಗಾಗಿ ರಕ್ತದೊತ್ತಡ ಇರುವವರೆಲ್ಲರಿಗೂ ಜೀನ್ ಪರೀಕ್ಷೆ ಮಾಡಿಸುವ ವಾಡಿಕೆಯಿಲ್ಲ. ಎಳೆಯ ವಯಸ್ಸು, ಹಲವು ಔಷಧಿಗಳಿಗೂ ಬಗ್ಗದ ಒತ್ತಡ, ಏರುಪೇರಾದ ಪೊಟ್ಯಾಸಿಯಂ, ತಗ್ಗಿದ ರೆನಿನ್, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಪಾರ್ಶ್ವವಾಯು ಬಡಿದವರು: ಇಂಥ ಸುಳಿವುಗಳು ಒಟ್ಟಿಗೆ ಕಂಡರೆ ವೈದ್ಯರು ಒಂದೇ ಜೀನ್‌ನ ಕಾಯಿಲೆಯನ್ನು ಹುಡುಕುತ್ತಾರೆ.