ಕ್ರಿಸ್ಸಿ ಫೀಲ್ಡ್‌ನ ಅಳಿವೆ ಬಾಯಿ

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಪೂರ್ವಕ್ಕೆ, ಕೊಲ್ಲಿಯ ದಂಡೆಯುದ್ದಕ್ಕೂ, ಕ್ರಿಸ್ಸಿ ಫೀಲ್ಡ್ ಎಂಬ ಸುಮಾರು 100 ಎಕರೆಯ ಸಾರ್ವಜನಿಕ ಉದ್ಯಾನವಿದೆ. ಓಡುವವರು, ಸೈಕಲ್ ತುಳಿಯುವವರು, ಗಾಳಿಪಟ ಹಾರಿಸುವ ಮಕ್ಕಳು, ಹಾಯಿ ಕಟ್ಟಿದ ಹಲಗೆಯೇರಿ ಅಲೆಗಳ ಮೇಲೆ ಸಾಗುವವರು, ಹೀಗೆ ಎಲ್ಲರಿಗೂ ಅಲ್ಲಿ ಜಾಗವಿದೆ. ಅದರ ನಡುವೆ ಮರಳ ದಂಡೆಯನ್ನು ಸೀಳಿಕೊಂಡು ಸಮುದ್ರದ ನೀರು ಒಳಗಿನ ಜೌಗಿಗೆ ಹೋಗಿಬರುವ ಕಿರಿದಾದ ದಾರಿಯೊಂದಿದೆ. ನಮ್ಮ ಕರಾವಳಿಯವರು ಕಂಡರೆ ಅದನ್ನು ಅಳಿವೆ ಬಾಯಿ ಎಂದೇ ಕರೆದಾರು. ಆ ಜೌಗಿನ ಜೀವ ಇರುವುದೇ ಆ ಬಾಯಿ ತೆರೆದಿರುವುದರಲ್ಲಿ.

ಈ ನಾಡಿನ ಮೂಲನಿವಾಸಿಗಳಾದ ಓಲೋನಿ ಜನರು ಮೀನು, ಚಿಪ್ಪುಗಳನ್ನು ಆಯ್ದುಕೊಳ್ಳುತ್ತಿದ್ದ ವಿಶಾಲವಾದ ಉಪ್ಪುನೀರಿನ ಜೌಗು ಒಂದು ಕಾಲಕ್ಕೆ ಇಲ್ಲಿತ್ತು. 1915ರ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನಕ್ಕಾಗಿ ಅದರಲ್ಲಿ ಉಳಿದಿದ್ದುದನ್ನೂ ಮಣ್ಣು ತುಂಬಿ ಮುಚ್ಚಲಾಯಿತು. 1921ರಲ್ಲಿ ಅದರ ಮೇಲೆ ಸೇನೆಯ ವಿಮಾನ ನಿಲ್ದಾಣ ಬಂತು, ಬರಬರುತ್ತ ನೆಲವೆಲ್ಲ ಡಾಂಬರು, ಕಾಂಕ್ರೀಟಿನಿಂದ ತುಂಬಿತು. 1994ರಲ್ಲಿ ಸೇನೆ ಜಾಗ ಬಿಟ್ಟುಕೊಟ್ಟ ಬಳಿಕ 87,000 ಟನ್‌ಗಳಷ್ಟು ಅಪಾಯಕಾರಿ ತ್ಯಾಜ್ಯವನ್ನು ಅಲ್ಲಿಂದ ಹೊರಸಾಗಿಸಬೇಕಾಯಿತು. ಸುಮಾರು 3,000 ಸ್ವಯಂಸೇವಕರು ಸೇರಿ ಒಂದು ಲಕ್ಷದಷ್ಟು ಸ್ಥಳೀಯ ಸಸಿಗಳನ್ನು ನೆಟ್ಟರು. 1999ರ ನವೆಂಬರ್‌ನಲ್ಲಿ ದಂಡೆಯನ್ನು ಕಡಿದು, ಅಗೆದ ಜೌಗಿನೊಳಕ್ಕೆ ಸಮುದ್ರವನ್ನು ಬಿಟ್ಟುಕೊಳ್ಳಲಾಯಿತು, 2001ರಲ್ಲಿ ಉದ್ಯಾನ ಜನರಿಗೆ ತೆರೆಯಿತು.

ಆದರೆ ಕಡಿದ ಬಾಯಿ ತಾನಾಗಿ ತೆರೆದೇ ಇರುವುದಿಲ್ಲ. ಅಲೆಗಳು ದಂಡೆಯುದ್ದಕ್ಕೂ ಮರಳನ್ನು ತಳ್ಳಿಕೊಂಡು ಬಂದು ಅದನ್ನು ಮುಚ್ಚುತ್ತಿರುತ್ತವೆ, ಇಳಿತದಲ್ಲಿ ಹೊರಹರಿಯುವ ನೀರು ಆ ಮರಳನ್ನು ಗುಡಿಸಿ ಹಾಕುತ್ತಿರುತ್ತದೆ. ಈ ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಒಂದು ಉಬ್ಬರದಲ್ಲಿ ಒಳಸೇರಿ ಇಳಿತದಲ್ಲಿ ಹೊರಹೋಗುವ ನೀರಿನ ಪ್ರಮಾಣವನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಒಳಗೆ ನೀರು ಹರಡಿಕೊಳ್ಳಲು ಜಾಗ ಹೆಚ್ಚಿದ್ದಷ್ಟೂ ಹೊರಹರಿವಿಗೆ ಬಲ ಹೆಚ್ಚು. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ಚೊಕ್ಕಟವಾಗುವ ಬಾಯಿ, ಅಷ್ಟಮಿಯ ಆಸುಪಾಸಿನ ಸಪ್ಪೆ ಉಬ್ಬರದ ದಿನಗಳಲ್ಲಿ ಕಟ್ಟಿಕೊಳ್ಳಬಹುದು. ಕ್ರಿಸ್ಸಿ ಫೀಲ್ಡ್‌ನಲ್ಲಿ ಜೌಗಿಗೆ ಸಿಕ್ಕಿದ್ದು ಸುಮಾರು 20 ಎಕರೆ ಮಾತ್ರ. ಹಳೆಯ ವಿಮಾನ ನಿಲ್ದಾಣದ ನೆನಪಿಗೆಂದು ಉಳಿಸಿಕೊಂಡ ಹುಲ್ಲುಹಾಸು ಅದಕ್ಕಿಂತ ದೊಡ್ಡದು. ಹೀಗಾಗಿ ಬಾಯಿ ಮತ್ತೆ ಮತ್ತೆ ಮುಚ್ಚಿಕೊಂಡಿತು, ಯಂತ್ರ ತಂದು ಅದನ್ನು ಬಿಡಿಸಬೇಕಾಯಿತು. ಹುಲ್ಲುಹಾಸನ್ನು ನಾನು ಹಳಿಯಲಾರೆ, ಮಕ್ಕಳು ಓಡಾಡಲು ಬಯಲು ಬೇಕೇ ಬೇಕು. ಆದರೂ ಆ ಹಂಚಿಕೆಯಲ್ಲಿ ನೀರಿಗೆ ಸಿಕ್ಕಿದ ಪಾಲು ಕಡಿಮೆಯಾಯಿತೆಂದೇ ನನ್ನ ಎಣಿಕೆ.

ಬಾಯಿ ಮುಚ್ಚಿದರೆ ನೀರು ನಿಂತಲ್ಲೇ ನಿಂತು, ಅದರಲ್ಲಿನ ಆಮ್ಲಜನಕ ಕುಗ್ಗಬಹುದು. ಉಬ್ಬರ-ಇಳಿತದ ಲಯಕ್ಕೆ ಒಗ್ಗಿದ ಗಿಡಗಳು ಮುಳುಗಿಯೇ ಉಳಿಯುತ್ತವೆ. ಅಂಥವುಗಳಲ್ಲಿ ಪಿಕಲ್‌ವೀಡ್ ಒಂದು. ಎಲೆಯೇ ಇಲ್ಲವೆನಿಸುವ, ಗಂಟು ಗಂಟಾದ ರಸಭರಿತ ಕಾಂಡದ ಈ ಗಿಡ, ಹೀರಿಕೊಂಡ ಉಪ್ಪನ್ನು ತುದಿಯ ಗಿಣ್ಣುಗಳಿಗೆ ಸಾಗಿಸಿ ಕೂಡಿಡುತ್ತದೆ. ಶರತ್ಕಾಲದಲ್ಲಿ ಆ ಗಿಣ್ಣುಗಳು ಕೆಂಪೇರಿ ಕಳಚಿಬಿದ್ದಾಗ ಉಪ್ಪೂ ಅವುಗಳೊಡನೆ ಹೋಗುತ್ತದೆ.

ಜನರಿಗೂ ಜೀವಿಗಳಿಗೂ ನಡುವಿನ ಇಕ್ಕಟ್ಟು ಮರಳಿನ ಮೇಲೂ ಇದೆ. ಗುಬ್ಬಚ್ಚಿಗಿಂತ ತುಸುವೇ ದೊಡ್ಡದಾದ ಸ್ನೋಯಿ ಪ್ಲವರ್ ಎಂಬ ಹಕ್ಕಿ ಚಳಿಗಾಲ ಕಳೆಯಲು ಈ ದಂಡೆಗೆ ಬರುತ್ತದೆ. ಗಾಳಿಯಿಂದ ತಪ್ಪಿಸಿಕೊಳ್ಳಲು ಅದು ಮನುಷ್ಯರ ಹೆಜ್ಜೆಗುರುತಿನ ಗುಳಿಯಲ್ಲೇ ಮುದುಡಿ ಕೂರುವುದುಂಟು. ಮರಳ ಬಣ್ಣದ ಆ ಹಕ್ಕಿ ಹತ್ತಿರ ಹೋದರೂ ಕಣ್ಣಿಗೆ ಬೀಳುವುದಿಲ್ಲ. ನಾಯಿಯೊಂದು ಬೆನ್ನಟ್ಟಿದಾಗಲೆಲ್ಲ ಅದು ಕೂಡಿಟ್ಟ ಕೊಬ್ಬನ್ನು ಕರಗಿಸಿ ಹಾರಬೇಕು. ಆದ್ದರಿಂದ ದಂಡೆಯ ಪಶ್ಚಿಮ ಭಾಗದಲ್ಲಿ ವರ್ಷದ ಬಹುಪಾಲು ನಾಯಿಗಳನ್ನು ಹಗ್ಗ ಬಿಚ್ಚದೆಯೇ ಕರೆದೊಯ್ಯಬೇಕೆಂಬ ನಿಯಮವಿದೆ.

2020ರಲ್ಲಿ ಜೌಗಿಗೆ ಇನ್ನೂ ಸುಮಾರು 7 ಎಕರೆ ಸೇರಿತು. ಟೆನ್ನೆಸ್ಸಿ ಹಾಲೋ ಕಣಿವೆಯ ತೊರೆ ಅಲ್ಲಿಯವರೆಗೆ ನೆಲದಡಿಯ ಕೊಳವೆಯಲ್ಲಿ ಹರಿದು ಬರುತ್ತಿತ್ತು. ಅದನ್ನು ಬಯಲಿಗೆ ತಂದು ಕ್ವಾರ್ಟರ್‌ಮಾಸ್ಟರ್ ರೀಚ್ ಎಂಬ ಹೊಸ ಜೌಗನ್ನು ರೂಪಿಸಲಾಯಿತು. ಈಗ ಉಬ್ಬರದ ನೀರು ಹೆದ್ದಾರಿಯ ಅಡಿಯಿಂದ ಹಾದು ಇನ್ನಷ್ಟು ಒಳಕ್ಕೆ ಹೋಗಿ, ಬೆಟ್ಟದಿಂದಿಳಿದ ಸಿಹಿನೀರಿನೊಡನೆ ಬೆರೆತು, ಇಳಿತದಲ್ಲಿ ಅದೇ ಬಾಯಿಯಿಂದ ಕೊಲ್ಲಿಗೆ ಮರಳುತ್ತದೆ.