ಡ್ರಿಲ್ಲಿಂಗ್ ಮಷಿನ್ ಕೇಳಿದರೆ ಕೊಡಬೇಕೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರಕ್ಕೆ ಬಂದು ವರ್ಷವಾಯಿತು. ನಮ್ಮಲ್ಲಿ ಡ್ರಿಲ್ಲಿಂಗ್ ಮಷಿನ್, ಅಲ್ಯೂಮಿನಿಯಂ ಏಣಿ ಇರುವುದು ಬೀದಿಗೆಲ್ಲ ಗೊತ್ತಾಗಿದೆ. ಕೊಟ್ಟರೆ ಬೇಗ ವಾಪಸು ಬರುವುದಿಲ್ಲ, ಬಂದರೂ ನೋಡುವ ಹಾಗಿರುವುದಿಲ್ಲ. ಇಲ್ಲವೆಂದರೆ ಮುಖ ಗಂಟಿಕ್ಕುತ್ತಾರೆ. ಏನು ಮಾಡಲಿ?

ಉತ್ತರ: ಕೊಡಿ. ಆದರೆ ಈಗ ಕೊಡುತ್ತಿರುವ ಹಾಗೆ ಕೊಡಬೇಡಿ.

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ನಿಮಗೂ ನೆನಪಾಗಿರಬೇಕು. ನನ್ನನ್ನು ಕೇಳಿದರೆ, “ಅಯ್ಯೋ ಪರವಾಗಿಲ್ಲ, ನಿಧಾನವಾಗಿ ಕೊಡಿ” ಎಂದು ಹಲ್ಲು ಕಿರಿದು, ಮರುವಾರದಿಂದ ಒಳಗೊಳಗೇ ಕುದಿಯುವವನೇ ನಿಜವಾದ ಕೋಡಂಗಿ. “ಭಾನುವಾರ ಸಂಜೆಗೆ ನನಗೆ ಬೇಕು” ಎಂದು ಕೊಡುವಾಗಲೇ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಅಮೆರಿಕದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯ 1979ರಿಂದ ಪುಸ್ತಕದಂತೆಯೇ ಉಪಕರಣಗಳನ್ನೂ ಎರವಲು ಕೊಡುತ್ತಿದೆ. ಅಲ್ಲಿಯೂ ತಾರೀಕು ಗೊತ್ತುಮಾಡಿಯೇ ಕೊಡುತ್ತಾರೆ.

ನಮ್ಮಲ್ಲಿ ಇದಕ್ಕೊಂದು ಕಾನೂನೂ ಇದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 160ನೇ ಕಲಮಿನ ಪ್ರಕಾರ, ಹೇಳಿದ ಅವಧಿ ಮುಗಿದ ಮೇಲೆ ಕೊಟ್ಟವರು ಕೇಳದಿದ್ದರೂ ವಸ್ತುವನ್ನು ಹಿಂದಿರುಗಿಸುವುದು ತೆಗೆದುಕೊಂಡವರ ಹೊಣೆ. ವಿವೇಕವುಳ್ಳವರು ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಕಲಮು. ಏಣಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ, ಬಿಡಿ. ಆದರೆ 150ನೇ ಕಲಮು ನಿಮಗೇ ಅನ್ವಯಿಸುತ್ತದೆ: ನಿಮಗೆ ಗೊತ್ತಿರುವ ದೋಷವನ್ನು ಹೇಳದೆ ಕೊಟ್ಟು, ಅದರಿಂದ ಅವರಿಗೆ ಪೆಟ್ಟಾದರೆ ಹೊಣೆ ನಿಮ್ಮದು. ಏಣಿಯ ಮೂರನೇ ಮೆಟ್ಟಿಲು ಅಲುಗಾಡುತ್ತಿದ್ದರೆ ಕೈಯಿಟ್ಟು ತೋರಿಸಿ. ಹಿತ್ತಲ ತೆಂಗಿನಕಾಯಿ ಕೀಳಲೆಂದು ಕೇಳಿದರೆ, ಅಲ್ಯೂಮಿನಿಯಂನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಯ ಹತ್ತಿರ ಒಯ್ಯಬೇಡಿ ಎನ್ನಿ.

ಇನ್ನು ಡ್ರಿಲ್ಲಿಂಗ್ ಮಷಿನ್. ಅದನ್ನು ಕೇಳುವವರಲ್ಲಿ ಹೆಚ್ಚಿನವರು ಪರದೆಯ ಕಂಬಿ ಹಾಕುವವರು. ಕಿಟಕಿಯ ಮೇಲೆ ಇರುವುದು ಇಟ್ಟಿಗೆಯಲ್ಲ, ಕಾಂಕ್ರೀಟ್ ಲಿಂಟೆಲ್. ಕುಟ್ಟುತ್ತ ಕೊರೆಯುವಂತೆ ಮಾಡುವ ಹ್ಯಾಮರ್ ಗುಂಡಿ ಒತ್ತದೆ, ಮೈಭಾರ ಹಾಕಿ ಕೊರೆದರೆ ಬಿಟ್ (ಕೊರೆಯುವ ಕಡ್ಡಿ) ಕಾದು, ತುದಿ ನೀಲಿಗಟ್ಟಿ ಮೊಂಡಾಗುತ್ತದೆ. ಮಷಿನ್ನಿನಿಂದ ಸುಟ್ಟ ವಾಸನೆ ಬರುತ್ತದೆ. ಆ ಗುಂಡಿ ಎಲ್ಲಿದೆಯೆಂದು ತೋರಿಸುವುದಕ್ಕೆ ಎಷ್ಟು ಹೊತ್ತು ಬೇಕು? ಜೊತೆಗೆ ‘ಮಷಿನ್ ನಮ್ಮದು, ಬಿಟ್ ನಿಮ್ಮದು’ ಎಂಬ ನಿಯಮ ಮಾಡಿಕೊಳ್ಳಿ. ಬಿಟ್ ಸವೆಯುವ ವಸ್ತು, ಅದಕ್ಕೆ ಹೊಣೆ ಹುಡುಕುತ್ತ ಕೂರುವಂತಿಲ್ಲ. ಬಿಟ್ ಹಿಡಿದಿಡುವ ಚಕ್ ಬಿಗಿಯುವ ಕೀಲಿಯನ್ನು ಮಷಿನ್ನಿನ ವಯರಿಗೆ ದಾರದಿಂದ ಕಟ್ಟಿಬಿಡಿ. ಮೊದಲು ಕಳೆದುಹೋಗುವುದೇ ಅದು.

ನಿಮ್ಮ ಪತ್ರದಲ್ಲಿ ನನಗೆ ಕಾಣದ ಸಂಗತಿಯೊಂದಿದೆ: ಬೀದಿಯವರಿಂದ ನೀವು ಏನನ್ನಾದರೂ ತಂದದ್ದು. ಬರೀ ಕೊಡುತ್ತಲೇ ಇದ್ದರೆ ನೀವು ಉಪಕಾರಿ, ಅವರು ಋಣಸ್ಥರು. ಋಣಸ್ಥರಿಗೆ ಸಾಲ ಕೊಟ್ಟವನ ಮನೆ ಬಾಗಿಲು ತಟ್ಟುವುದು ಕಷ್ಟ. ಸಾಮಾನು ವಾಪಸು ಬರದಿರುವುದಕ್ಕೆ ಇದೂ ಒಂದು ಕಾರಣ. ಗೋಕುಲಾಷ್ಟಮಿಗೆ ಚಕ್ಕುಲಿ ಒರಳು ಕೇಳಿ, ಗಿಡ ನೆಡಲು ಹಾರೆ ಕೇಳಿ. ಹೇಳಿದ ದಿನಕ್ಕೆ, ತೊಳೆದು, ಒರೆಸಿ ಕೊಡಿ.

ಮುರಿದದ್ದನ್ನು ತಾವಾಗಿಯೇ ಹೇಳಿದವರಿಗೆ ಮತ್ತೆ ಕೊಡಿ. ಮುಚ್ಚಿಟ್ಟು ತಂದಿಟ್ಟವರಿಗೆ ಬೇಡ.

ಈಗಾಗಲೇ ಹೋಗಿ ಬಾರದಿರುವ ಸಾಮಾನು ಇದ್ದರೆ, ಮನಸ್ತಾಪವಿಲ್ಲದೆ ಕೇಳಲು ದಸರೆಗಿಂತ ಒಳ್ಳೆಯ ಕಾಲವಿಲ್ಲ. “ಆಯುಧಪೂಜೆಗೆ ಇಡಬೇಕಿತ್ತು” ಎನ್ನಿ. ಮೈಸೂರಿನಲ್ಲಿ ಆ ಮಾತಿಗೆ ಯಾರೂ ಎದುರಾಡುವುದಿಲ್ಲ.